ನಾರು, ಮೊಗ್ಗು, ತಕ್ಕಡಿ: ಮಾಸ್ ಸ್ಪೆಕ್ಟ್ರಮ್ ನೋಡಿ ಪಾಲಿಮರ್ ಗುರುತಿಸುವುದು ಹೇಗೆ?

ಶ್ರೀರಂಗಪಟ್ಟಣದ ಕಡೆಯ ನಾಲೆಯೊಂದರಿಂದ ತಂದ ನೀರು. ಅದನ್ನು ಸೋಸಿ, ಸಾಂದ್ರಗೊಳಿಸಿ, ಅಣುಗಳಿಗೆ ವಿದ್ಯುದಂಶ ಕೊಟ್ಟು ಅಯಾನ್ ಮಾಡಿ ತೂಗುವ ಎಲೆಕ್ಟ್ರೋಸ್ಪ್ರೇ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಓಡಿಸಿ, ಬಂದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಎಂಎಸ್ಸಿ ವಿದ್ಯಾರ್ಥಿನಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದಳು. ಮದ್ದೂರಿನ ಹುಡುಗಿ.

“ಸರ್, ಪೀಕ್‌ಗಳೆಲ್ಲಾ 44ರ ಅಂತರದಲ್ಲಿ ಸಾಲಾಗಿ ನಿಂತಿವೆ. ಪಾಲಿಇಥಿಲೀನ್ ಗ್ಲೈಕಾಲ್ ಅಂತ ಬರೆದುಬಿಡ್ಲಾ?”

“ತಡಿ ಕಣಮ್ಮ. 44 ಅಂದಮಾತ್ರಕ್ಕೆ ಹೆಸರಿಡೋಕಾಗಲ್ಲ” ಅಂದೆ.

ಒಂದೊಂದು ಪೀಕ್ ಎಂದರೆ ಯಂತ್ರ ತೂಗಿದ ಒಂದೊಂದು ತೂಕ. ಪಾಲಿಮರ್ ಎಂದರೆ ಒಂದೇ ಘಟಕ ಮತ್ತೆ ಮತ್ತೆ ಜೋಡಿದ ಸರಪಳಿ, ಆ ಘಟಕದ ತೂಕವೇ ಪೀಕ್‌ಗಳ ನಡುವಿನ ಅಂತರ. ಅವತ್ತು ಸಂಜೆವರೆಗೂ ಇಬ್ಬರೂ ಕೂತು ಆ ಫೈಲನ್ನು ಬಿಡಿಸಿದೆವು. ಪಾಲಿಮರ್ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಾರ್ಖಾನೆಗಳ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುವವರು ಎಲ್ಲರೂ ಎಡವುವುದು ಇಲ್ಲೇ. ಸ್ಯಾಂಪಲ್ ಓಡಿಸಿಕೊಡುವವರು ಸಿಗುತ್ತಾರೆ, ಬಂದ ಅಂಕಿಗಳನ್ನು ಏನು ಮಾಡಬೇಕೆಂದು ಕೂತು ಹೇಳಿಕೊಡುವವರು ಸಿಗುವುದಿಲ್ಲ. ಆ ದಿನ ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಫೈಲ್ ತೆರೆಯುವ ಮುಂಚೆ

ನಿಮ್ಮ ಸ್ಯಾಂಪಲ್ ದ್ರಾವಕದಲ್ಲಿ ಕರಗಿತ್ತೇ? ಕರಗಿದ್ದರೆ ಫೈಲು ಎಲೆಕ್ಟ್ರೋಸ್ಪ್ರೇಯದ್ದೋ, ಲೇಸರ್‌ನಿಂದ ಅಣುಗಳನ್ನು ಹಾರಿಸುವ ಮಾಲ್ಡಿಯದ್ದೋ ಆಗಿರುತ್ತದೆ. ಇವೆರಡರಲ್ಲಿ ಪಾಲಿಮರ್ ಸರಪಳಿ ಮುರಿಯದೆ ಇಡಿಯಾಗಿ ಹಾರುತ್ತದೆ, ಹಾಗಾಗಿ ಸರಪಳಿಯ ತೂಕವೇ ನೇರವಾಗಿ ಕಾಣುತ್ತದೆ. ಕ್ಯಾರಿಬ್ಯಾಗ್, ಮಲ್ಚಿಂಗ್ ಶೀಟ್, ಟಯರ್ ಚೂರಿನಂಥವು ಸುಲಭಕ್ಕೆ ಕರಗುವುದಿಲ್ಲ. ಅವನ್ನು ಗಾಳಿ ಸೋಕದಂತೆ ಕಾಸಿ ಮುರಿದು, ಮುರಿದ ತುಂಡುಗಳನ್ನು ಬೇರ್ಪಡಿಸಿ ಓದುವ ಪೈರಾಲಿಸಿಸ್ ಜಿಸಿ–ಎಂಎಸ್ ಬೇಕು. ಎರಡರ ಲೆಕ್ಕವೂ ಬೇರೆಬೇರೆ. ಮೊದಲು ಕರಗುವವನ್ನು ನೋಡೋಣ.

ಉಪಕರಣದ ಕಂಪನಿಯ ಫೈಲು ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುವುದಿಲ್ಲ. ಪ್ರೋಟಿಯೋವಿಝಾರ್ಡ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಎಂಝಡ್‌ಎಂಎಲ್ ನಮೂನೆಗೆ ಬದಲಾಯಿಸಿಕೊಳ್ಳಿ. ಆಮೇಲೆ ಎಂಝಡ್‌ಮೈನ್‌ನಂಥ ಉಚಿತ ತಂತ್ರಾಂಶ ಸಾಕು. ಕೊನೆಯ ಲೆಕ್ಕವಂತೂ ಎಕ್ಸೆಲ್ ಹಾಳೆಯಲ್ಲೇ ಮುಗಿಯುತ್ತದೆ.

ಬ್ಲ್ಯಾಂಕ್ ಇಲ್ಲದ ಫೈಲನ್ನು ನಾನು ಮುಟ್ಟುವುದಿಲ್ಲ

ಸ್ಯಾಂಪಲ್‌ಗೆ ಮಾಡಿದ್ದನ್ನೆಲ್ಲ ಅದೇ ಬಾಟಲಿ, ಅದೇ ಸೋಸುಕಾಗದ, ಅದೇ ದ್ರಾವಕ, ಅದೇ ಕೈಗವಸಿನಲ್ಲಿ, ಸ್ಯಾಂಪಲ್ ಒಂದನ್ನು ಬಿಟ್ಟು ಮಾಡಿ ಓಡಿಸಿದ್ದೇ ಬ್ಲ್ಯಾಂಕ್. ಇದರ ಬಗ್ಗೆ ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಸ್ಥೆಯ ಕುಡಿಯುವ ನೀರಿನ ಸ್ಯಾಂಪಲ್‌ನಲ್ಲಿ ಪಾಲಿಇಥಿಲೀನ್ ಗ್ಲೈಕಾಲ್ ಇದೆ ಎಂದು ವರದಿ ಕೊಟ್ಟಿದ್ದೆ. ಎರಡು ವಾರ ಬಿಟ್ಟು ಬರೀ ದ್ರಾವಕ ಓಡಿಸಿದಾಗ ಅದೇ ಸಾಲು, ಅದೇ ಎತ್ತರದಲ್ಲಿ ಬಂತು. ನೀರಿನಲ್ಲಿ ಏನೂ ಇರಲಿಲ್ಲ, ನಮ್ಮ ಕೈಯಿಂದ ಹೋಗಿತ್ತು. ವರದಿ ವಾಪಸು ಪಡೆಯುತ್ತಿದ್ದೇನೆಂದು ಪತ್ರ ಬರೆದೆ. ಆ ಪತ್ರದ ಪ್ರತಿ ಇಂದಿಗೂ ನನ್ನ ಡ್ರಾಯರ್‌ನಲ್ಲಿದೆ.

ಪಾಲಿಇಥಿಲೀನ್ ಗ್ಲೈಕಾಲ್ ಸೋಪಿನಲ್ಲಿದೆ, ಕ್ರೀಮಿನಲ್ಲಿದೆ, ಮಾತ್ರೆಯ ಲೇಪದಲ್ಲಿದೆ. ಸಿಲಿಕೋನ್‌ನ ಸಾಲು ಟ್ಯೂಬು, ಗ್ರೀಸು, ಲ್ಯಾಬಿನ ಗಾಳಿ ಎಲ್ಲದರಿಂದಲೂ ಬರುತ್ತದೆ. ಎಂ/ಝಡ್ (ತೂಕವನ್ನು ವಿದ್ಯುದಂಶದಿಂದ ಭಾಗಿಸಿದ ಅಂಕಿ, ಯಂತ್ರ ತೋರಿಸುವುದು ಇದನ್ನೇ) 391.2843 ಕಂಡರೆ ಪ್ಲಾಸ್ಟಿಕ್ ಮೆದುಗೊಳಿಸುವ ಥಾಲೇಟ್. 338.3417 ಕಂಡರೆ ಪ್ಲಾಸ್ಟಿಕ್ ಹಾಳೆ ಅಂಟಿಕೊಳ್ಳದಿರಲೆಂದು ಸೇರಿಸುವ ಎರುಕಮೈಡ್. ಈ ಕೊನೆಯ ಎರಡೂ ಪಾಲಿಮರ್ ಅಲ್ಲ, ಆದರೂ ಪೀಕ್ ಪಟ್ಟಿಯ ತುದಿಯಲ್ಲಿ ಬಂದು ಕೂರುತ್ತವೆ.

ಪಟ್ಟಿ ಹಸನು ಮಾಡುವುದು

ರಾಗಿ ಬೀಸಲು ಕೊಡುವ ಮುಂಚೆ ಕೇರಿ, ಕಲ್ಲು ಆರಿಸಿ ಹಸನು ಮಾಡುವಂತೆ, ಪೀಕ್‌ಗಳನ್ನೂ ಲೆಕ್ಕಕ್ಕೆ ಮುಂಚೆ ಹಸನು ಮಾಡಬೇಕು.

ಮಾಲ್ಡಿ ಸ್ಪೆಕ್ಟ್ರಮ್‌ನ ಎಡತುದಿ ದಿಬ್ಬದಂತೆ ಎದ್ದಿರುತ್ತದೆ. ಅದು ಲೇಸರ್ ಹೀರಲೆಂದು ಸ್ಯಾಂಪಲ್‌ಗೆ ಬೆರೆಸುವ ಮ್ಯಾಟ್ರಿಕ್ಸ್‌ನ ಗದ್ದಲ. ಬೇಸ್‌ಲೈನ್ ಕಳೆದು ಅದನ್ನು ಸಮತಟ್ಟು ಮಾಡಿ. ಹಾಗಿದ್ದರೂ 500ರ ಕೆಳಗಿನ ಪೀಕ್‌ಗಳನ್ನು ಅನುಮಾನದಿಂದಲೇ ನೋಡಿ. ನಯಗೊಳಿಸಲು 1964ರಿಂದ ಬಳಕೆಯಲ್ಲಿರುವ ಸವಿಟ್ಸ್‌ಕಿ–ಗೋಲೇ ವಿಧಾನ ಸಾಕು. ಅದರ ಕಿಂಡಿಯ ಅಗಲ ಒಂದು ಪೀಕ್‌ನ ಅಗಲಕ್ಕಿಂತ ಕಿರಿದಾಗಿರಲಿ. ಅತಿಯಾಗಿ ನಯ ಮಾಡಿದರೆ ಪಕ್ಕಪಕ್ಕದ ಎರಡು ಪೀಕ್ ಒಂದಾಗಿಬಿಡುತ್ತವೆ, ಆಮೇಲೆ ಯಾವ ಲೆಕ್ಕವೂ ಅವನ್ನು ಬಿಡಿಸಿಕೊಡುವುದಿಲ್ಲ. ಗದ್ದಲದ ಮೂರರಷ್ಟಾದರೂ ಎತ್ತರವಿರುವ ಪೀಕ್‌ಗಳನ್ನು ಮಾತ್ರ ಉಳಿಸಿಕೊಳ್ಳಿ.

ಇನ್ನು ಕ್ಯಾಲಿಬ್ರೇಷನ್, ಅಂದರೆ ಯಂತ್ರದ ಅಳತೆ ಸರಿಯಿದೆಯೇ ನೋಡಿ ತಿದ್ದುವುದು. ಇಲ್ಲಿ ಆತುರ ಬೇಡ. ನಮ್ಮ ಫೈಲಿನಲ್ಲಿ ಒಂದು ಪೀಕ್ 445.1222ರಲ್ಲಿತ್ತು. ಸಿಲಿಕೋನ್‌ನ ಆರು ಘಟಕಗಳ ಉಂಗುರವಾದ ಸಿಲೋಕ್ಸೇನ್ ಒಂದು ಪ್ರೋಟಾನ್ ಹಿಡಿದರೆ ನಿಜವಾಗಿ ಬರಬೇಕಾದದ್ದು 445.1200. ವ್ಯತ್ಯಾಸ 0.0022. ಅದನ್ನು 445.12ರಿಂದ ಭಾಗಿಸಿ ಹತ್ತು ಲಕ್ಷದಿಂದ ಗುಣಿಸಿದರೆ ಸುಮಾರು 5 ಪಿಪಿಎಂ (ಹತ್ತು ಲಕ್ಷಕ್ಕೆ 5 ಪಾಲು). ಅಂದರೆ ಯಂತ್ರ 5 ಪಿಪಿಎಂ ಹೆಚ್ಚು ತೋರಿಸುತ್ತಿದೆ. ಎಲ್ಲಾ ಪೀಕ್‌ಗಳನ್ನೂ ಅದೇ ಪ್ರಮಾಣದಲ್ಲಿ ಇಳಿಸಿದೆವು. ಕಸವೆಂದು ಎಸೆಯುವ ಸಿಲೋಕ್ಸೇನ್ ಹೀಗೆ ಅಳತೆಗೋಲಾಗಿ ಕೆಲಸಕ್ಕೆ ಬರುತ್ತದೆ, ಅನುಭವಿಗಳು ಅದನ್ನು ಬೇಕೆಂದೇ ಬಳಸುತ್ತಾರೆ.

ಕೊನೆಗೆ ಐಸೊಟೋಪ್, ಅಂದರೆ ಒಂದೇ ಧಾತುವಿನ ಬೇರೆ ತೂಕದ ಪರಮಾಣು. ಪ್ರತಿ ಪೀಕ್‌ನ ಬಲಕ್ಕೆ ಒಂದೊಂದು ಮಾಸ್ ದೂರದಲ್ಲಿ ಮರಿಪೀಕ್‌ಗಳಿರುತ್ತವೆ, ಕಾರ್ಬನ್–13ರಿಂದ ಬಂದವು. ಪಟ್ಟಿಯಲ್ಲಿ ಗುಂಪಿಗೆ ಒಂದರಂತೆ, ಎಲ್ಲಕ್ಕಿಂತ ಎಡಗಡೆಯದನ್ನು ಮಾತ್ರ ಇಟ್ಟುಕೊಳ್ಳಿ. ಮರಿಪೀಕ್‌ಗಳನ್ನು ಅಳಿಸಬೇಡಿ, ಬೇರೆ ಹಾಳೆಯಲ್ಲಿಡಿ. ಅವು ಆಮೇಲೆ ಸಾಕ್ಷಿ ಹೇಳಲು ಬೇಕು. ಮಾಸ್ 2000ದ ಆಸುಪಾಸಿಗೆ ಬಂದಾಗ ಒಂದು ತೊಡಕಿದೆ. ಪಾಲಿಇಥಿಲೀನ್ ಗ್ಲೈಕಾಲ್‌ನಲ್ಲಿ ಅಷ್ಟು ಹೊತ್ತಿಗೆ 90ರ ಹತ್ತಿರ ಕಾರ್ಬನ್ ಇರುವುದರಿಂದ ಎರಡನೆಯ ಪೀಕ್ ಮೊದಲನೆಯದರಷ್ಟೇ ಎತ್ತರವಾಗುತ್ತದೆ. ಅದರಾಚೆ ಹೋದರೆ ಎಡಗಡೆಯದು ಕುಗ್ಗುತ್ತಾ ಹೋಗುತ್ತದೆ. ತಂತ್ರಾಂಶ ಅತಿ ಎತ್ತರದ್ದನ್ನೇ ಆರಿಸಿದರೆ ನಿಮ್ಮ ಲೆಕ್ಕ ಒಂದು ಮಾಸ್ ತಪ್ಪುತ್ತದೆ, ಸರಪಳಿಯ ತುದಿಗಳಲ್ಲಿರುವ ಎಂಡ್ ಗ್ರೂಪ್‌ನ ಹೆಸರೇ ಬದಲಾಗಿಬಿಡುತ್ತದೆ.

ಮರಿಪೀಕ್‌ಗಳ ನಡುವೆ ಒಂದರ ಬದಲು ಅರ್ಧ ಮಾಸ್ ಅಂತರವಿದ್ದರೆ ಆ ಅಯಾನ್‌ಗೆ ಎರಡು ವಿದ್ಯುದಂಶವಿದೆ. ಆಗ 44ರ ಸಾಲು 22.013ರ ಸಾಲಾಗಿ ಕಾಣುತ್ತದೆ. ಎಲೆಕ್ಟ್ರೋಸ್ಪ್ರೇಯಲ್ಲಿ ಇದು ಮಾಮೂಲು. 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದ ಜಾನ್ ಫೆನ್ ಅವರ ತಂಡ ಒಂದೇ ಅಣು ಹಲವು ವಿದ್ಯುದಂಶ ಹೊರುವುದನ್ನು 1988ರಲ್ಲಿ ತೋರಿಸಿದ್ದು ಇದೇ ಪಾಲಿಇಥಿಲೀನ್ ಗ್ಲೈಕಾಲ್ ಮೇಲೆ.

ಅಂತರಗಳನ್ನು ಎಣಿಸಿ

ಪಟ್ಟಿಯಲ್ಲಿ 200 ಪೀಕ್ ಇವೆ ಎನ್ನಿ. ಪ್ರತಿಯೊಂದರಿಂದ ಪ್ರತಿಯೊಂದನ್ನು ಕಳೆದರೆ 19,900 ಅಂತರಗಳು. ಅವನ್ನು 0.003ರಷ್ಟು ಸಣ್ಣ ಗೂಡುಗಳಿಗೆ ಹಂಚಿ, ಯಾವ ಗೂಡು ತುಂಬಿದೆ ನೋಡಿ. ಪಾಲಿಮರ್ ಇದ್ದರೆ ಅದರ ಮತ್ತೆ ಮತ್ತೆ ಬರುವ ಘಟಕದ, ಅಂದರೆ ರಿಪೀಟ್ ಯೂನಿಟ್‌ನ ಗೂಡು ಗುಡ್ಡೆಯಂತೆ ಎದ್ದು ಕಾಣುತ್ತದೆ. ಕಣ್ಣಳತೆಯಲ್ಲಿ ಎರಡು ಪೀಕ್ ಹಿಡಿದು ಕಳೆಯುವುದಕ್ಕಿಂತ ಇದು ಎಷ್ಟೋ ವಾಸಿ, ಒಂದೇ ಫೈಲಿನಲ್ಲಿ ಎರಡು ಮೂರು ಪಾಲಿಮರ್ ಕಲೆತಿದ್ದರೂ ಬೇರೆಬೇರೆ ಗುಡ್ಡೆಗಳಾಗಿ ಬರುತ್ತವೆ.

ಗೋಡೆಗೆ ಅಂಟಿಸಿಕೊಳ್ಳಬೇಕಾದ ಕೆಲವು ಅಂಕಿಗಳು ಇವು:

ಪಾಲಿಇಥಿಲೀನ್ ಗ್ಲೈಕಾಲ್ – 44.0262
ಪಾಲಿಪ್ರೊಪಿಲೀನ್ ಗ್ಲೈಕಾಲ್ – 58.0419
ಪಾಲಿಲ್ಯಾಕ್ಟಿಕ್ ಆಸಿಡ್ – 72.0211
ಪಾಲಿಟೆಟ್ರಾಹೈಡ್ರೋಫ್ಯುರಾನ್ – 72.0575
ಸಿಲಿಕೋನ್ – 74.0188
ಪಾಲಿಮೀಥೈಲ್ ಮೆಥಾಕ್ರಿಲೇಟ್ – 100.0524
ಪಾಲಿಸ್ಟೈರೀನ್ – 104.0626
ನೈಲಾನ್ 6 – 113.0841
ಪಾಲಿಕ್ಯಾಪ್ರೊಲ್ಯಾಕ್ಟೋನ್ – 114.0681
ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) – 192.0423

ದಶಾಂಶಗಳನ್ನು ಬಿಟ್ಟರೆ ಮೂರನೆಯದೂ ನಾಲ್ಕನೆಯದೂ ಎರಡೂ 72. ದಶಾಂಶದಲ್ಲಿ ಇರುವ ವ್ಯತ್ಯಾಸ ಬರೀ 0.0364. ಆದರೆ ಹತ್ತು ಘಟಕ ದೂರದ ಎರಡು ಪೀಕ್ ತೆಗೆದುಕೊಂಡು ಕಳೆದರೆ ವ್ಯತ್ಯಾಸವೂ ಹತ್ತು ಪಟ್ಟಾಗಿ 0.364 ಆಗುತ್ತದೆ. ಸಾಧಾರಣ ಯಂತ್ರವೂ ಅದನ್ನು ಹಿಡಿದೀತು. ಪಕ್ಕದ ಪೀಕ್ ಬಿಟ್ಟು ದೂರದ ಪೀಕ್ ಹಿಡಿಯುವ ಈ ಅಭ್ಯಾಸ ಬೆಳೆಸಿಕೊಳ್ಳಿ.

ನಮ್ಮ ನಾಲೆ ನೀರಿನ ಫೈಲಿನಲ್ಲಿ ಎದ್ದ ಗುಡ್ಡೆಗಳು ನಾಲ್ಕು: 44.0262, 28.0313, 4.9554, 74.0188. ಕೊನೆಯದು ಸಿಲಿಕೋನ್, ಗೊತ್ತಿದ್ದದ್ದೇ. 4.9554 ಎಂದರೆ ಒಂದೇ ಅಣು ಒಮ್ಮೆ ಅಮೋನಿಯಂ ಅಯಾನನ್ನೂ ಒಮ್ಮೆ ಸೋಡಿಯಂ ಅಯಾನನ್ನೂ ಹಿಡಿದುಕೊಂಡಿದೆ, 22.9892ರಲ್ಲಿ 18.0338 ಕಳೆದರೆ ಸರಿಯಾಗಿ ಅಷ್ಟೇ. ಇಂಥ ಜೋಡಿ ಕಂಡರೆ ಸಂತೋಷಪಡಿ. ಯಾವ ಪೀಕ್ ಸೋಡಿಯಂದು ಎನ್ನುವುದು ಊಹೆಯಿಲ್ಲದೆ ತೀರ್ಮಾನವಾಯಿತು. 28.0313 ಎಂದರೆ ಎರಡು ಕಾರ್ಬನ್, ನಾಲ್ಕು ಹೈಡ್ರೋಜನ್. ಅದು ಯಾಕೆ ಬಂತೆಂದು ಆ ಕ್ಷಣಕ್ಕೆ ಇಬ್ಬರಿಗೂ ಹೊಳೆಯಲಿಲ್ಲ. ಪಕ್ಕದಲ್ಲಿ ಗುರುತು ಹಾಕಿ ಮುಂದಕ್ಕೆ ಹೋದೆವು.

ಉಳಿಕೆಯ ಲೆಕ್ಕ

ಇದೇ ಈ ಕೆಲಸದ ತಿರುಳು. ದೇವರಾಜ ಮಾರುಕಟ್ಟೆಯಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ಮಾಲೆಗಳನ್ನು ನೆನೆಸಿಕೊಳ್ಳಿ. ಒಂದೊಂದರಲ್ಲಿ ಎಷ್ಟು ಮೊಗ್ಗಿದೆಯೋ ಗೊತ್ತಿಲ್ಲ. ಹಲವು ಮಾಲೆ ತೂಗಿ ತೂಕಗಳ ಅಂತರ ನೋಡಿದರೆ ಒಂದು ಮೊಗ್ಗಿನ ತೂಕ ಸಿಗುತ್ತದೆ. ಆಮೇಲೆ ಒಂದು ಮಾಲೆಯ ತೂಕದಿಂದ ಮೊಗ್ಗುಗಳ ತೂಕವನ್ನೆಲ್ಲ ಕಳೆದರೆ ಉಳಿಯುವುದು ಎರಡು: ತುದಿಯ ಗಂಟು–ನಾರಿನ ತೂಕ, ಮಾಲೆಯಿಟ್ಟ ತಟ್ಟೆಯ ತೂಕ. ಮೊಗ್ಗು ಎಂದರೆ ರಿಪೀಟ್ ಯೂನಿಟ್. ಗಂಟು ಎಂದರೆ ಎಂಡ್ ಗ್ರೂಪ್. ತಟ್ಟೆ ಎಂದರೆ ಸರಪಳಿಗೆ ಅಂಟಿಕೊಂಡು ವಿದ್ಯುದಂಶ ಕೊಟ್ಟ ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ. ಮೊಗ್ಗು ಒಂದೇ ಆದರೂ ಗಂಟು ಬೇರೆಯಾದರೆ ಅದು ಬೇರೆಯೇ ವಸ್ತು.

ನಮ್ಮ ಫೈಲಿನಲ್ಲಿ 44ರ ಒಂದು ಸಾಲು ಹೀಗಿತ್ತು: 613.3406, 657.3668, 701.3930. ನಡುವಿನದನ್ನು ತೆಗೆದುಕೊಳ್ಳಿ. ಸೋಡಿಯಂ ಕಳೆದರೆ 634.3776. ಅದರಲ್ಲಿ 44.0262ರ ಹದಿನಾಲ್ಕು ಪಾಲು ತೆಗೆದರೆ ಉಳಿಕೆ 18.0106. ಸರಿಯಾಗಿ ನೀರಿನ ತೂಕ. ಒಂದು ತುದಿಗೆ ಹೈಡ್ರೋಜನ್, ಇನ್ನೊಂದು ತುದಿಗೆ ಹೈಡ್ರಾಕ್ಸಿಲ್. ಇದು ಪಾಲಿಇಥಿಲೀನ್ ಗ್ಲೈಕಾಲ್.

ಹುಡುಗಿಯ ಮುಖ ಅರಳಿತು. ಆದರೆ ಫೈಲಿನಲ್ಲಿ 44ರದ್ದೇ ಇನ್ನೊಂದು ಸಾಲಿತ್ತು, ಇದಕ್ಕಿಂತ ಎತ್ತರದ್ದು: 605.4235, 649.4497, 693.4759. ಅದೇ ಲೆಕ್ಕ ಮಾಡಿದೆವು. 649.4497ರಲ್ಲಿ ಸೋಡಿಯಂ ಕಳೆದರೆ 626.4605, ಹದಿನಾಲ್ಕು ಘಟಕ ತೆಗೆದರೆ ಉಳಿಕೆ 10.0935.

“ಹತ್ತು ತೂಕದ ಎಂಡ್ ಗ್ರೂಪ್ ಯಾವುದು ಸರ್? ಬೋರಾನಾ?”

ಒಳ್ಳೆಯ ಪ್ರಶ್ನೆ, ಬಹಳ ಮಂದಿ ಇಲ್ಲೇ ನಿಂತುಬಿಡುತ್ತಾರೆ. ಉಳಿಕೆ ಯಾವಾಗಲೂ ರಿಪೀಟ್ ಯೂನಿಟ್‌ಗಿಂತ ಚಿಕ್ಕದಾಗಿ ಬರುತ್ತದೆ, ಏಕೆಂದರೆ ಹಿಡಿಯುವಷ್ಟು ಮೊಗ್ಗನ್ನು ನಾವೇ ಕಿತ್ತುಬಿಟ್ಟಿರುತ್ತೇವೆ. ಗಂಟಿನ ತೂಕವನ್ನೂ ಮೊಗ್ಗೆಂದು ಎಣಿಸಿಬಿಟ್ಟಿರಬಹುದು. ಹಾಗಾಗಿ ಉಳಿಕೆಗೆ ಒಂದೊಂದೇ ಘಟಕ ವಾಪಸು ಸೇರಿಸುತ್ತಾ ಹೋಗಬೇಕು: 54.1197, 98.1459, 142.1721, 186.1984. ಪ್ರತಿ ಅಂಕಿಗೂ ಒಂದು ಸೂತ್ರ ಹುಡುಕಿ. ಮೊದಲೆರಡಕ್ಕೆ ಯಾವ ಸೂತ್ರವೂ ಕೂರುವುದಿಲ್ಲ. 142.1721 ಎಂದರೆ ಡೆಕೇನ್, ಅದಕ್ಕೆ ಸರಪಳಿ ಕಟ್ಟಲು ಕೈಯೇ ಇಲ್ಲ. 186.1984 ಎಂದರೆ ಹನ್ನೆರಡು ಕಾರ್ಬನ್, ಇಪ್ಪತ್ತಾರು ಹೈಡ್ರೋಜನ್, ಒಂದು ಆಕ್ಸಿಜನ್. ಅದು ಹನ್ನೆರಡು ಕಾರ್ಬನ್‌ನ ಆಲ್ಕೋಹಾಲ್. ಅದಕ್ಕೆ ಹತ್ತು ಘಟಕ ಇಥಿಲೀನ್ ಆಕ್ಸೈಡ್ ಪೋಣಿಸಿದರೆ ಬರುವುದು ಇಥಾಕ್ಸಿಲೇಟ್, ಬಟ್ಟೆ ಪಾತ್ರೆ ತೊಳೆಯುವ ದ್ರವಗಳಲ್ಲಿ ಜಿಡ್ಡು ಬಿಡಿಸುವ ವಸ್ತು.

ಆಗ 28.0313ರ ಒಗಟೂ ಬಿಡಿಸಿಕೊಂಡಿತು. ಪಕ್ಕದಲ್ಲಿ 633.4548ರ ಇನ್ನೊಂದು ಸಾಲಿತ್ತು, ಹದಿನಾಲ್ಕು ಕಾರ್ಬನ್‌ನ ಆಲ್ಕೋಹಾಲ್‌ನದ್ದು. ಹನ್ನೆರಡು ಇದೆ, ಹದಿನಾಲ್ಕು ಇದೆ, ಹದಿಮೂರು ಇಲ್ಲ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಕಾರ್ಬನ್ ಸಂಖ್ಯೆ ಸಮಸಂಖ್ಯೆಯೇ, ಅದರಲ್ಲೂ ಹನ್ನೆರಡರದ್ದೇ ಸಿಂಹಪಾಲು. ಪೆಟ್ರೋಲಿಯಂನಿಂದ ತಯಾರಾದ ಆಲ್ಕೋಹಾಲ್‌ಗಳಲ್ಲಿ ಸಾಮಾನ್ಯವಾಗಿ ಬೆಸಸಂಖ್ಯೆಯವೂ ಕಲೆತಿರುತ್ತವೆ. ಹಾಗಾಗಿ ಸಸ್ಯದ ಎಣ್ಣೆಯಿಂದ ಬಂದ ಆಲ್ಕೋಹಾಲ್ ಇರಬೇಕೆಂದು ಪೆನ್ಸಿಲ್‌ನಲ್ಲಿ ಬರೆದುಕೊಂಡೆವು. ಅಂಕಿಗಳಿಂದ ಹೊರಟು ತೆಂಗಿನ ತೋಟ ಮುಟ್ಟಿದ ಆ ಗಳಿಗೆ ನನಗೆ ಈ ಕೆಲಸದ ಮೇಲಿನ ಪ್ರೀತಿಯನ್ನು ಮತ್ತೆ ಹೊಸದು ಮಾಡಿತು.

ಉಳಿಕೆಯ ಲೆಕ್ಕದಲ್ಲಿ ಕಾದು ಕೂತಿರುವ ಎರಡು ಹಳ್ಳಗಳಿವೆ. ಒಂದು, ಪೊಟ್ಯಾಸಿಯಂ. 657.3668ರ ಮುಂದೆ 673.3407ರಲ್ಲಿ ಪೀಕ್ ಕಂಡರೆ “ಆಕ್ಸಿಜನ್ ಸೇರಿಕೊಂಡಿದೆ, ಪಾಲಿಮರ್ ಹಳಸಿದೆ” ಎಂದು ಬರೆಯುವವರಿದ್ದಾರೆ. ಆಕ್ಸಿಜನ್ ಆಗಿದ್ದರೆ 673.3617ರಲ್ಲಿ ಬರಬೇಕಿತ್ತು. ಎರಡರ ವ್ಯತ್ಯಾಸ 0.021, ಅಂದರೆ ಸುಮಾರು 31 ಪಿಪಿಎಂ. ನಿಮ್ಮ ಯಂತ್ರದ ತಪ್ಪು 5 ಪಿಪಿಎಂ ಒಳಗಿದ್ದರೆ ಧೈರ್ಯವಾಗಿ ಹೇಳಿ. 50 ಇದ್ದರೆ ಸ್ವಲ್ಪ ಸೋಡಿಯಂ ಲವಣ ಬೆರೆಸಿ ಮತ್ತೆ ಓಡಿಸಿ, ಪೊಟ್ಯಾಸಿಯಂ ಸಾಲು ಕುಗ್ಗುತ್ತದೆ, ಆಕ್ಸಿಜನ್ ಸಾಲು ಕುಗ್ಗುವುದಿಲ್ಲ.

ಇನ್ನೊಂದು, ನೊನೈಲ್‌ಫೀನಾಲ್ ಇಥಾಕ್ಸಿಲೇಟ್. ನೊನೈಲ್‌ಫೀನಾಲ್‌ನ ತೂಕ 220.1827, ಐದು ಇಥಿಲೀನ್ ಆಕ್ಸೈಡ್‌ನ ತೂಕ 220.1311. ಉಳಿಕೆ 0.0516. ದಶಾಂಶ ನೋಡದವರಿಗೆ ಇದು ಸೊನ್ನೆಯಂತೆ ಕಂಡು, ತುದಿಯೇ ಇಲ್ಲದ ಉಂಗುರದ ಪಾಲಿಇಥಿಲೀನ್ ಗ್ಲೈಕಾಲ್ ಎನಿಸುತ್ತದೆ. ಜಲಚರಗಳ ಹಾರ್ಮೋನ್ ಕೆಡಿಸುವ ನೊನೈಲ್‌ಫೀನಾಲ್‌ಗೆ ಮೂಲವಾದ ವಸ್ತುವೊಂದು ಹೀಗೆ ಕಣ್ತಪ್ಪಿ ಹೋಗುತ್ತದೆ. ನದಿ, ನಾಲೆ, ಕೆರೆ ನೀರಿನ ಕೆಲಸ ಮಾಡುವವರು ಇದನ್ನು ಮರೆಯಬಾರದು.

ಕೆಂಡ್ರಿಕ್ ನಕ್ಷೆ

ಸಾಲುಗಳು ಎರಡು ಮೂರಿದ್ದರೆ ಕೈಲೆಕ್ಕ ನಡೆಯುತ್ತದೆ. ಇಪ್ಪತ್ತಿದ್ದರೆ? ಎಡ್ವರ್ಡ್ ಕೆಂಡ್ರಿಕ್ 1963ರಲ್ಲಿ ಒಂದು ಉಪಾಯ ಕೊಟ್ಟರು. ಒಂದು ಕಾರ್ಬನ್, ಎರಡು ಹೈಡ್ರೋಜನ್‌ನ ತುಣುಕು ನಿಜಕ್ಕೆ 14.01565 ತೂಗುತ್ತದೆ. ಅದನ್ನು ಸರಿಯಾಗಿ 14 ಎಂದೇ ಇಟ್ಟುಕೊಂಡು ಉಳಿದೆಲ್ಲವನ್ನೂ ಆ ಅಳತೆಯಲ್ಲಿ ಬರೆಯುವುದು. ಪಾಲಿಮರ್‌ನವರು ಅದನ್ನೇ ತಮ್ಮ ರಿಪೀಟ್ ಯೂನಿಟ್‌ಗೆ ಒಗ್ಗಿಸಿಕೊಂಡರು.

ಎಕ್ಸೆಲ್‌ನಲ್ಲಿ ಮೂರು ಕಾಲಂ ಸಾಕು. ಮೊದಲನೆಯದರಲ್ಲಿ ಪೀಕ್. ಎರಡನೆಯದರಲ್ಲಿ ಪೀಕನ್ನು 44ರಿಂದ ಗುಣಿಸಿ 44.026215ರಿಂದ ಭಾಗಿಸಿದ ಅಂಕಿ, ಅದೇ ಕೆಂಡ್ರಿಕ್ ಮಾಸ್. ಮೂರನೆಯದರಲ್ಲಿ ಅದಕ್ಕೆ ಹತ್ತಿರದ ಪೂರ್ಣಾಂಕದಿಂದ ಅದನ್ನು ಕಳೆದ ಅಂಕಿ. ಅಡ್ಡಕ್ಕೆ ಮೊದಲ ಕಾಲಂ, ಉದ್ದಕ್ಕೆ ಮೂರನೆಯ ಕಾಲಂ ಇಟ್ಟು ಚುಕ್ಕೆ ಹಾಕಿ. ಒಂದೇ ಗಂಟು, ಒಂದೇ ತಟ್ಟೆಯ ಮಾಲೆಗಳೆಲ್ಲ ಒಂದೇ ಅಡ್ಡಗೆರೆಯ ಮೇಲೆ ಬಂದು ಕೂರುತ್ತವೆ, ಉದ್ದ ಎಷ್ಟೇ ಇರಲಿ. ನಮ್ಮ ಫೈಲಿನಲ್ಲಿ ಪಾಲಿಇಥಿಲೀನ್ ಗ್ಲೈಕಾಲ್‌ನ ಗೆರೆ 0.0246ರಲ್ಲಿ, ಹನ್ನೆರಡು ಕಾರ್ಬನ್‌ನ ಇಥಾಕ್ಸಿಲೇಟ್‌ನದು ಮೈನಸ್ 0.0630ರಲ್ಲಿ, ಹದಿನಾಲ್ಕರದು ಮೈನಸ್ 0.0776ರಲ್ಲಿ. ನೊನೈಲ್‌ಫೀನಾಲ್ ಇದ್ದಿದ್ದರೆ ಮೈನಸ್ 0.0271ರಲ್ಲಿ ಬರಬೇಕಿತ್ತು. ಅಲ್ಲಿ ಚುಕ್ಕೆ ಇರಲಿಲ್ಲ. ಸಿಲಿಕೋನ್ ಚುಕ್ಕೆಗಳು ಓರೆಯಾಗಿ ಓಡಿದ್ದವು, ಏಕೆಂದರೆ ಅವುಗಳ ಘಟಕವೇ ಬೇರೆ. ಅಡ್ಡಗೆರೆಯಾಗದ ಚುಕ್ಕೆಗಳ ಓಟ ಕಂಡರೆ ಎರಡನೆಯ ಪಾಲಿಮರ್ ಇದೆಯೆಂದು ತಿಳಿಯಿರಿ.

ಗೆರೆಗಳು ಒಂದರ ಮೇಲೊಂದು ಒತ್ತಿಕೊಂಡಿದ್ದರೆ ಥಿಯೆರಿ ಫೂಕೆ ಮತ್ತು ಹಿರೋಆಕಿ ಸಾಟೋ 2017ರಲ್ಲಿ ತೋರಿಸಿದ ದಾರಿ ಹಿಡಿಯಿರಿ. ರಿಪೀಟ್ ಯೂನಿಟನ್ನು ಒಂದು ಪೂರ್ಣಾಂಕದಿಂದ ಭಾಗಿಸಿ, ಆ ತುಂಡನ್ನು ಅಳತೆಗೋಲು ಮಾಡಿಕೊಳ್ಳುವುದು. ಭಾಜಕವನ್ನು ಒಂದೊಂದೇ ಬದಲಾಯಿಸುತ್ತಾ ಹೋದರೆ ಒತ್ತಿಕೊಂಡಿದ್ದ ಗೆರೆಗಳು ಹಾಳೆಯುದ್ದಕ್ಕೂ ಹರಡಿಕೊಳ್ಳುತ್ತವೆ. ಹೆಚ್ಚು ನಿಖರವಲ್ಲದ ಯಂತ್ರದ ಡೇಟಾಕ್ಕೂ ಇದು ಒದಗುತ್ತದೆ.

ಮರಿಪೀಕ್‌ಗಳ ಸಾಕ್ಷಿ

ಬೇರೆ ಹಾಳೆಯಲ್ಲಿಟ್ಟ ಮರಿಪೀಕ್‌ಗಳನ್ನು ಈಗ ತೆಗೆಯಿರಿ. ಒಂದೊಂದು ಕಾರ್ಬನ್‌ಗೂ ಎರಡನೆಯ ಪೀಕ್ ಸುಮಾರು ಶೇ 1.08ರಷ್ಟು ಏರುತ್ತದೆ. 649.4497ರ ಅಣುವಿನಲ್ಲಿ ನಾವು ಹೇಳಿದಂತೆ 12 ಮತ್ತು 20, ಒಟ್ಟು 32 ಕಾರ್ಬನ್ ಇದ್ದರೆ ಮರಿಪೀಕ್ ಶೇ 35ರ ಹತ್ತಿರ ಇರಬೇಕು. ಇತ್ತು. 445.12ರ ಸಿಲೋಕ್ಸೇನ್‌ನಲ್ಲಿ ಕಾರ್ಬನ್ ಹನ್ನೆರಡೇ, ಆದರೂ ಸಿಲಿಕಾನ್‌ನ ಐಸೊಟೋಪ್ ಸೇರಿ ಮರಿಪೀಕ್ ಶೇ 43ಕ್ಕೆ ಏರಿರುತ್ತದೆ. ಎಡಗಡೆಯ ಪೀಕ್‌ಗೆ ಎರಡು ಮಾಸ್ ಆಚೆ ಅಷ್ಟೇ ಎತ್ತರದ ಜೊತೆಗಾರ ಕಂಡರೆ ಬ್ರೋಮಿನ್, ಮೂರನೇ ಒಂದರಷ್ಟಿದ್ದರೆ ಕ್ಲೋರಿನ್.

ಬೆಳ್ಳಿಯೂ ಹೀಗೇ ಜೋಡಿಯಾಗಿ, 107 ಮತ್ತು 109ರಲ್ಲಿ, ಹೆಚ್ಚುಕಡಿಮೆ ಸಮವಾಗಿ ಬರುತ್ತದೆ. ಪಾಲಿಸ್ಟೈರೀನ್‌ನಲ್ಲಿ ಆಕ್ಸಿಜನ್, ನೈಟ್ರೋಜನ್ ಯಾವುದೂ ಇಲ್ಲದ್ದರಿಂದ ಸೋಡಿಯಂ ಅದಕ್ಕೆ ಅಂಟುವುದಿಲ್ಲ, ಮಾಲ್ಡಿಯಲ್ಲಿ ಬೆಳ್ಳಿಯ ಲವಣ ಬೆರೆಸುತ್ತಾರೆ. 1962ರಿಂದ ಮತದಾರರ ಬೆರಳಿಗೆ ಹಚ್ಚುವ ಮೈಸೂರಿನ ಶಾಯಿಯಲ್ಲಿರುವುದೂ ಬೆಳ್ಳಿಯ ಲವಣವೇ. ತಟ್ಟೆಯ ತೂಕ ಕಳೆಯುವಾಗ ಪಾಲಿಸ್ಟೈರೀನ್‌ಗೆ 22.9892 ಬದಲು 106.9045 ಹಾಕುವುದನ್ನು ಮರೆಯಬೇಡಿ.

ತೂಕ ಒಂದೇ, ವಸ್ತು ಬೇರೆ

ಪಾಲಿವಿನೈಲ್ ಆಲ್ಕೋಹಾಲ್‌ನ ರಿಪೀಟ್ ಯೂನಿಟ್ ಕೂಡ ಎರಡು ಕಾರ್ಬನ್, ನಾಲ್ಕು ಹೈಡ್ರೋಜನ್, ಒಂದು ಆಕ್ಸಿಜನ್. ಅಂದರೆ ಅದೂ 44.0262. ಪಾಲಿಮೀಥೈಲ್ ಮೆಥಾಕ್ರಿಲೇಟ್‌ಗೂ ಪಾಲಿಇಥೈಲ್ ಅಕ್ರಿಲೇಟ್‌ಗೂ ಸೂತ್ರ ಒಂದೇ. ಎಷ್ಟು ದಶಾಂಶ ಹಿಡಿದರೂ ತೂಕದಿಂದ ಇವನ್ನು ಬೇರ್ಪಡಿಸಲಾಗದು. ಒಂದು ಪೀಕನ್ನು ಮಾತ್ರ ಆರಿಸಿ, ಒಳಗೇ ಒಡೆದು, ಚೂರುಗಳನ್ನು ಓದುವ ಎಂಎಸ್–ಎಂಎಸ್ ಮಾಡಲೇಬೇಕು. ಪಾಲಿವಿನೈಲ್ ಆಲ್ಕೋಹಾಲ್ ಒಡೆದರೆ 18.0106ರಂತೆ ಸಾಲಾಗಿ ನೀರು ಕಳೆದುಕೊಳ್ಳುತ್ತದೆ, ಗ್ಲೈಕಾಲ್ ಹಾಗೆ ಮಾಡುವುದಿಲ್ಲ.

ಸರಾಸರಿ ಅಣುತೂಕದ ಬಗ್ಗೆ ಎರಡೇ ಮಾತು. ಪೀಕ್ ಎತ್ತರಗಳಿಂದ ಅದನ್ನು ಲೆಕ್ಕ ಹಾಕಬಹುದು, ತಂತ್ರಾಂಶವೂ ಹಾಕಿಕೊಡುತ್ತದೆ. ಆದರೆ ಸರಪಳಿಗಳ ಉದ್ದದಲ್ಲಿ ಹೆಚ್ಚು ಏರುಪೇರಿದ್ದರೆ, ಹರಹು (ತೂಕದ ಸರಾಸರಿಯನ್ನು ಸಂಖ್ಯೆಯ ಸರಾಸರಿಯಿಂದ ಭಾಗಿಸಿದ ಅಂಕಿ) 1.2 ದಾಟಿದರೆ, ಉದ್ದನೆಯವು ಸರಿಯಾಗಿ ಹಾರದೆ ಲೆಕ್ಕ ಕಡಿಮೆ ಬರುತ್ತದೆ. ಅದಕ್ಕೆ ಸರಪಳಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜಿಪಿಸಿ ಮಾಡಿಸಿ.

ಕರಗದ ಪ್ಲಾಸ್ಟಿಕ್‌ನ ದಾರಿ

ಮಂಡ್ಯದ ಕಡೆ ಟೊಮೆಟೊ, ಕಲ್ಲಂಗಡಿ ಹೊಲಗಳಲ್ಲಿ ಕಾಣುವ ಕಪ್ಪು ಮಲ್ಚಿಂಗ್ ಶೀಟ್ ಫಸಲಾದ ಮೇಲೆ ಹರಿದು ಮಣ್ಣಲ್ಲಿ ಉಳಿಯುತ್ತದೆ. ಅಂಥ ಚೂರಿನ ಪೈರಾಲಿಸಿಸ್ ಫೈಲು ತೆರೆದರೆ ಒಂದೊಂದು ವಸ್ತುವೂ ಬೇರೆಬೇರೆ ಹೊತ್ತಿಗೆ ಹೊರಬಂದ ನೂರಾರು ಪೀಕ್‌ಗಳು. ಇಲ್ಲಿ ಸಾಲಿನ ಅಂತರ ಹುಡುಕಬೇಡಿ, ಗುರುತಿನ ಚೂರುಗಳನ್ನು ಹುಡುಕಿ. ಪಾಲಿಇಥಿಲೀನ್‌ನದು ಮೂರು ಮೂರು ಪೀಕ್‌ಗಳ ಗೊಂಚಲು, ಒಂದೊಂದು ಗೊಂಚಲಿಗೂ ಒಂದೊಂದು ಕಾರ್ಬನ್ ಹೆಚ್ಚು: ಮೊದಲು ಆಲ್ಕಾಡೈಯೀನ್, ಆಮೇಲೆ ಆಲ್ಕೀನ್, ಕೊನೆಗೆ ಆಲ್ಕೇನ್. ಪಾಲಿಪ್ರೊಪಿಲೀನ್‌ಗೆ 2,4–ಡೈಮೀಥೈಲ್–1–ಹೆಪ್ಟೀನ್, ಅದನ್ನು ಎಂ/ಝಡ್ 70 ಮತ್ತು 126ರಲ್ಲಿ ಹುಡುಕಿ. ನೈಲಾನ್ 6 ಕ್ಯಾಪ್ರೊಲ್ಯಾಕ್ಟಮ್ ಕೊಡುತ್ತದೆ, 113ರಲ್ಲಿ. ಟಯರ್ ಚೂರಿನಲ್ಲಿ ಡೈಪೆಂಟೀನ್ ಕಂಡರೆ ನೈಸರ್ಗಿಕ ರಬ್ಬರ್, 4–ವಿನೈಲ್‌ಸೈಕ್ಲೋಹೆಕ್ಸೀನ್ ಜೊತೆಗೆ ಸ್ಟೈರೀನ್ ಕಂಡರೆ ಸ್ಟೈರೀನ್–ಬ್ಯುಟಾಡೈಯೀನ್ ರಬ್ಬರ್.

ಆಯಾ ಮಾಸ್‌ನ ಅಯಾನನ್ನು ಮಾತ್ರ ಬೇರ್ಪಡಿಸಿ ನೋಡಿ, ಆಮೇಲೆ ಗೊತ್ತಿರುವ ವಸ್ತುಗಳ ಸ್ಪೆಕ್ಟ್ರಮ್ ಸಂಗ್ರಹವಾದ ಎನ್‌ಐಎಸ್‌ಟಿ ಲೈಬ್ರರಿಯೊಂದಿಗೆ ಹೋಲಿಸಿ. ಲೈಬ್ರರಿ ಕೊಡುವ ಅಂಕ ನೂರಕ್ಕೆ ತೊಂಬತ್ತಿದ್ದರೂ ಅಲ್ಲಿಗೇ ನಿಲ್ಲಬೇಡಿ. ನೇರ ಸರಪಳಿಯ ಆಲ್ಕೇನ್‌ಗಳೆಲ್ಲ ಲೈಬ್ರರಿಗೆ ಅಣ್ಣತಮ್ಮಂದಿರಂತೆಯೇ ಕಾಣುತ್ತವೆ. ಅವು ಹೊರಬರುವ ಹೊತ್ತನ್ನೂ ಹೊಂದಿಸಿ ನೋಡಿ.

ಇಲ್ಲಿಯ ದೊಡ್ಡ ಮೋಸ ಕೊಬ್ಬಿನದು. ಮೈಸೂರು ಪಾಕ್ ಸುತ್ತಿದ್ದ ಹಾಳೆಯನ್ನು ಸರಿಯಾಗಿ ತೊಳೆಯದೆ ಹೀಗೆ ಕಾಸಿದರೆ ತುಪ್ಪದ ಕೊಬ್ಬಿನಾಮ್ಲಗಳೂ ಮುರಿದು ಆಲ್ಕೀನ್, ಆಲ್ಕೇನ್ ಕೊಡುತ್ತವೆ. ಹಾಳೆ ಬೇರೆ ಪ್ಲಾಸ್ಟಿಕ್‌ನದ್ದಾದರೂ ಪಾಲಿಇಥಿಲೀನ್ ಇರುವಂತೆ ತೋರುತ್ತದೆ. ಅದಕ್ಕೇ ಗೊಂಚಲಿನ ಮೊದಲ ಪೀಕ್ ಆದ ಆಲ್ಕಾಡೈಯೀನ್ ಮೇಲೆ ಕಣ್ಣಿಡಿ, ಕೊಬ್ಬಿನಿಂದ ಅದು ಅಷ್ಟಾಗಿ ಬರುವುದಿಲ್ಲ. ಅದೇ ರೀತಿ ಸ್ಟೈರೀನ್ ಒಂದನ್ನೇ ನಂಬಿ ಪಾಲಿಸ್ಟೈರೀನ್ ಎನ್ನಬೇಡಿ. ಮಣ್ಣಿನ ಸಾವಯವ ಅಂಶವನ್ನು ಹೀಗೆ ಕಾಸಿದರೂ ಸ್ಟೈರೀನ್ ಬರುತ್ತದೆ. ಮೂರು ಸ್ಟೈರೀನ್ ಜೋಡಿದ ಚೂರು, ಎಂ/ಝಡ್ 91 ಮತ್ತು 312ರಲ್ಲಿ, ಕಂಡಮೇಲೆ ಬರೆಯಿರಿ.

ನಾಲೆ ನೀರಿನ ವರದಿ

ಸಂಜೆ ಐದೂವರೆಗೆ ಬ್ಲ್ಯಾಂಕ್ ಫೈಲು ತೆರೆದೆವು, ಅದೇ 5 ಪಿಪಿಎಂ ತಿದ್ದುಪಡಿಯೊಂದಿಗೆ. 445.1200 ಇತ್ತು, 519.1388 ಇತ್ತು. 613.3406, 657.3668, 701.3930 ಮೂರೂ ಇದ್ದವು, ಸ್ಯಾಂಪಲ್‌ನಲ್ಲಿದ್ದಷ್ಟೇ ಎತ್ತರಕ್ಕೆ. 605.4235 ಇರಲಿಲ್ಲ, 649.4497 ಇರಲಿಲ್ಲ, 633.4548 ಇರಲಿಲ್ಲ. ಬೆಳಿಗ್ಗೆ ಅವಳು ಬರೆಯಲು ಹೊರಟಿದ್ದ ಹೆಸರು ನಮ್ಮ ಸೋಸುವ ಸಾಮಾನಿನದ್ದು. ನಾಲೆಯದ್ದು ಬೇರೆಯೇ ಆಗಿತ್ತು.

ಅವಳು ನೋಟ್‌ಬುಕ್‌ನಲ್ಲಿ ಬರೆದದ್ದನ್ನು ಅವಳ ಒಪ್ಪಿಗೆ ಪಡೆದು ಹಾಗೇ ಕೊಡುತ್ತೇನೆ: “ರಿಪೀಟ್ ಯೂನಿಟ್ 44.0262. ಉಳಿಕೆ 10.0935, ಎಂಡ್ ಗ್ರೂಪ್ 186.1984, ಜೊತೆಗೆ 28.0313 ದೂರದಲ್ಲಿ ಎರಡನೆಯ ಸಾಲು. ಸೋಡಿಯಂ ಮತ್ತು ಅಮೋನಿಯಂ ಜೋಡಿ ಇದೆ. ಮರಿಪೀಕ್ ಶೇ 35. ಬ್ಲ್ಯಾಂಕ್‌ನಲ್ಲಿ ಇಲ್ಲ. 12 ಮತ್ತು 14 ಕಾರ್ಬನ್‌ನ ಆಲ್ಕೋಹಾಲ್ ಇಥಾಕ್ಸಿಲೇಟ್. ಕಾರ್ಬನ್ ಸರಪಳಿ ನೇರವೋ ಕವಲೊಡೆದದ್ದೋ ಮಾಸ್‌ನಿಂದ ತೀರ್ಮಾನಿಸಿಲ್ಲ. ಪಾಲಿಇಥಿಲೀನ್ ಗ್ಲೈಕಾಲ್ ಬ್ಲ್ಯಾಂಕ್‌ನಲ್ಲೂ ಇರುವುದರಿಂದ ವರದಿಯಲ್ಲಿ ಸೇರಿಸಿಲ್ಲ.”

ಮಾರನೆಯ ಸೋಮವಾರ ಅದೇ ಜಾಗದಿಂದ ಇನ್ನೆರಡು ಬಾಟಲಿ ನೀರು ತಂದಳು. ಈ ಸಲ ಗಾಜಿನ ಬಾಟಲಿ.